ಹುರಿದ ಅವರೆಯ ದೋಷ

ಇಲ್ಲೇ ಹತ್ತಿರದ ಊರೊಂದರಲ್ಲಿ ಒಬ್ಬ ಯಜಮಾನರಿದ್ದರು. ಶ್ರೀಮಂತರು. ಯಾವ ಊರು ಅಂತ ಕೇಳಬೇಡಿ, ಹೆಸರನ್ನಂತೂ ಕೇಳಲೇಬೇಡಿ. ನಾನು ಹೆಸರು ಹೇಳಿದರೆ ನಿಮ್ಮಲ್ಲಿ ಮೂವರು ತಮ್ಮ ನೆಂಟರು ಅನ್ನುತ್ತೀರಿ, ಇಬ್ಬರು ಎದ್ದು ಹೋಗುತ್ತೀರಿ. ಆ ಊರಿನ ಗಿರಿಯಮ್ಮಜ್ಜಿಯ ಹೆಸರನ್ನು ಮಾತ್ರ ಹೇಳಬಹುದು. ಒಳ್ಳೆಯ ಕೆಲಸ ಮಾಡಿದವರ ಹೆಸರು ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಈ ಯಜಮಾನರಿಗೆ ಮನೆಯಿತ್ತು, ತೋಟವಿತ್ತು, ಬಾಗಿಲ ಮುಂದೆ ಕಾರಿತ್ತು. ಅದು ಯಾವುದೂ ಅವರ ತಲೆಗೆ ಏರಿರಲಿಲ್ಲ. ತಲೆಗೆ ಏರಿದ್ದು ಅವರೆಕಾಯಿ. ನಗಬೇಡಿ! ಅವರ ಹಿತ್ತಲಲ್ಲಿ ಒಂದು ಚಪ್ಪರದವರೆ ಇತ್ತು. ಯಜಮಾನರ ತಾಯಿ ಮದುವೆಯಾಗಿ ಬಂದಾಗ ತವರಿನಿಂದ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ತಂದ ಬೀಜ ಅದು. ಮಾಗಿಯ ಚಳಿ ಬಿದ್ದಿತೆಂದರೆ ಆ ಅವರೆಯ ಸೊಗಡು ಹಿತ್ತಲು ದಾಟಿ, ಅಂಗಳ ದಾಟಿ, ಬೀದಿಗೆ ಬರುತ್ತಿತ್ತು. ದಾರಿಹೋಕರು ನಿಂತು ಮೂಗರಳಿಸಿ, "ಆಹಾ, ಯಜಮಾನ್ರ ಮನೇಲಿ ಇವತ್ತು ಹಿದಕಿದ ಅವರೆ ಸಾರು!" ಅನ್ನುತ್ತಿದ್ದರು. ಆ 'ಆಹಾ' ಇದೆಯಲ್ಲ, ಅದು ಯಜಮಾನರಿಗೆ ಸಾರಿಗಿಂತ ರುಚಿಯಾಗಿತ್ತು.

ಈಗ ಆ ಊರಿನ ಒಂದು ಪದ್ಧತಿ ಹೇಳುತ್ತೇನೆ, ಗಮನವಿಟ್ಟು ಕೇಳಿ. ಮೃಗಶಿರಾ ಮಳೆ ಹಿಡಿದ ಮೊದಲ ಭಾನುವಾರ ಕೈತೋಟ ಮಾಡುವವರೆಲ್ಲ ಊರ ಛತ್ರದಲ್ಲಿ ಸೇರುತ್ತಾರೆ. ಚಾಪೆ ಹಾಸಿ ಕೂರುತ್ತಾರೆ. ಒಂದು ಹಿಡಿ ಬೀಜ ಕೊಡಬೇಕು, ಒಂದು ಹಿಡಿ ಬೀಜ ತೆಗೆದುಕೊಳ್ಳಬೇಕು. ಕೊಡದೆ ತೆಗೆದುಕೊಳ್ಳುವ ಹಾಗಿಲ್ಲ. ಛತ್ರದ ಹೊರಗೆ ಯಾರೂ ಯಾರಿಗೂ ಬೀಜ ಕೊಡುವ ಹಾಗಿಲ್ಲ. ಇನ್ನೊಂದಿದೆ, ಅದೇ ಮುಖ್ಯ. ಬೀಜ ಕೊಡುವವರು ಕೈಗೆ ಹಾಕುವ ಮೊದಲು ಅದರ ದೋಷವನ್ನು ಬಾಯಿಬಿಟ್ಟು ಹೇಳಬೇಕು. ಗುಣ ಹೇಳುವುದು ಬೇಡ, ದೋಷ ಹೇಳಿ. "ನಮ್ಮ ಬೆಂಡೆ ಎರಡು ದಿನ ಬಿಟ್ರೆ ನಾರಾಗ್ತದೆ ಕಣಮ್ಮ, ಎಳೇದರಲ್ಲೇ ಕಿತ್ಕೋ." "ಈ ಹೀರೆ ಹತ್ತರಲ್ಲಿ ಒಂದು ಕಹಿ ಬರ್ತದೆ, ಆಮೇಲೆ ನನ್ನ ಬೈಬೇಡಿ." ಹೀಗೆ. ನೋಡಿ, ಎಂಥ ಊರು! ನಾವು ಹೆಣ್ಣು ನೋಡಲು ಹೋದಾಗಲೂ ಯಾರಾದರೂ ಹೀಗೆ ಹೇಳುತ್ತೇವೆಯೇ?

ತಾಯಿ ಇರುವ ತನಕ ಛತ್ರಕ್ಕೆ ಹೋಗುತ್ತಿದ್ದವರು ಅವರೇ. ಅಲ್ಲಿ ಕೊಡುವುದಕ್ಕೆ ಬೇರೆ ಬೀಜ ಅವರ ಬಳಿ ಬೇಕಾದಷ್ಟಿತ್ತು, ಅವರೆಯನ್ನು ಯಾರೂ ಕೇಳಿರಲಿಲ್ಲ. ಅವರು ಹೋದ ಮೇಲೆ ಯಜಮಾನರು ಹೋಗತೊಡಗಿದರು. ಊರಿನವರು ಕೇಳಿದ್ದು ಒಂದೇ: "ಯಜಮಾನ್ರೇ, ಆ ಅವರೆ ಬೀಜ ತನ್ನಿ."

ಯಜಮಾನರು ಲೆಕ್ಕ ಹಾಕಿದರು. ಎಲ್ಲರ ಹಿತ್ತಲಲ್ಲೂ ಆ ಅವರೆ ಬೆಳೆದರೆ ತನ್ನ ಬಾಗಿಲ ಮುಂದೆ 'ಆಹಾ' ಅನ್ನುವವರು ಯಾರು? ಇಲ್ಲ ಅಂದರೆ ಜಿಪುಣ ಅನ್ನುತ್ತಾರೆ. ಕೊಟ್ಟರೆ ಹೆಚ್ಚುಗಾರಿಕೆ ಹೋಗುತ್ತದೆ. ಕೊಟ್ಟ ಹಾಗೂ ಇರಬೇಕು, ಕೊಡದ ಹಾಗೂ ಇರಬೇಕು. ಏನು ಮಾಡಿದರು ಗೊತ್ತೇ?

ಹುರಿದರು.

ಹೌದು ತಾಯಂದಿರೇ, ಹುರಿದರು! ಶಿವರಾತ್ರಿಯ ಹೊತ್ತಿಗೆ ಬೀಜ ಒಣಗುತ್ತದೆ. ಹೆಂಡತಿ ದೇವಸ್ಥಾನಕ್ಕೆ ಹೋದ ಸಮಯ ನೋಡಿ, ಒಲೆಯ ಮುಂದೆ ಕೂತು, ಸಣ್ಣ ಉರಿಯಲ್ಲಿ, ಹೆಂಚಿನ ಮೇಲೆ, ಬಣ್ಣ ಬದಲಾಗದ ಹಾಗೆ, ಸಿಪ್ಪೆ ಸಿಡಿಯದ ಹಾಗೆ ಹುರಿದರು. ಒಂದು ಲೋಟ ನೀರು ತಾವಾಗಿ ತೆಗೆದುಕೊಂಡು ಕುಡಿಯದ ಮನುಷ್ಯ, ಹುರಿಯುವುದರಲ್ಲಿ ಅಡುಗೆಭಟ್ಟರನ್ನು ಮೀರಿಸಿದರು. ಆಗಲೇ ಹುರಿದಿಟ್ಟರೆ ಮಳೆಗಾಲದ ಹೊತ್ತಿಗೆ ಕಮಟು ವಾಸನೆಯೂ ಹೋಗಿರುತ್ತದೆ. ಎಷ್ಟು ಯೋಚನೆ ನೋಡಿ! ಕೆಟ್ಟದ್ದು ಮಾಡುವಾಗ ನಮ್ಮ ಬುದ್ಧಿ ಹೇಗೆ ಓಡುತ್ತದೆ!

ಎರಡು ಹಿತ್ತಾಳೆ ಡಬ್ಬಿ. ಎಡಗಡೆಯದರಲ್ಲಿ ತಮಗೆ ಬೇಕಾದ ಬೀಜ, ಬೇವಿನೆಲೆ ಹಾಕಿ ಇಟ್ಟದ್ದು. ಬಲಗಡೆಯದರಲ್ಲಿ ಊರಿಗೆ ಕೊಡುವ ಬೀಜ, ಅದಕ್ಕೂ ಬೇವಿನೆಲೆ. ಚೀಟಿ ಅಂಟಿಸಲಿಲ್ಲ. ಅಂಟಿಸಿದರೆ ಹೆಂಡತಿ ಓದುತ್ತಾಳಲ್ಲ! ಮೃಗಶಿರಾ ಭಾನುವಾರ ಬಲಗಡೆಯ ಡಬ್ಬಿ ಹಿಡಿದು ಛತ್ರಕ್ಕೆ ಹೋದರು. ಎಲ್ಲರಿಗೂ ಧಾರಾಳವಾಗಿ ಹಿಡಿ ಹಿಡಿ ಕೊಟ್ಟರು.

"ದೋಷ ಹೇಳ್ಲಿಲ್ಲ ಯಜಮಾನ್ರೇ," ಅಂದಳು ಗಿರಿಯಮ್ಮಜ್ಜಿ. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು, ಬಾಯಲ್ಲಿ ನಾಲ್ಕೇ ಹಲ್ಲು.

"ನಮ್ಮ ಅವರೆಗೆ ದೋಷ ಎಲ್ಲಿಂದ ಬರ್ಬೇಕಜ್ಜಿ?" ಅಂದರು ಯಜಮಾನರು. ಎಲ್ಲರೂ ತಲೆಯಾಡಿಸಿದರು.

ಊರಿನವರು ಬಿತ್ತಿದರು. ಯಾರದೂ ಮೊಳೆಯಲಿಲ್ಲ. ಬಿತ್ತಿದವರು ಯಾರನ್ನು ಬೈದುಕೊಂಡರು? ತಮ್ಮನ್ನೇ. "ನನ್ನ ಕೈಗುಣ ಸರಿ ಇಲ್ಲ," ಅಂದರು. "ಯಜಮಾನ್ರ ಕೈಗುಣವೇ ಕೈಗುಣ," ಅಂದರು. ಎರಡನೆಯ ವರ್ಷ ಹಾಗೇ, ಮೂರನೆಯ ವರ್ಷ ಹಾಗೇ. ಯಜಮಾನರು ಮೀಸೆಯಡಿ ನಗುತ್ತಾ, "ಬೇಜಾರು ಮಾಡ್ಕೋಬೇಡಿ, ಮುಂದಿನ ವರ್ಷ ಮತ್ತೆ ಕೊಡ್ತೀನಿ," ಅನ್ನುತ್ತಿದ್ದರು. ಬೇರೆಯವರು ತಮ್ಮ ತಪ್ಪಿಲ್ಲದೆ ತಮ್ಮನ್ನೇ ಹಳಿದುಕೊಳ್ಳುವುದನ್ನು ಎದುರಿಗೆ ನಿಂತು ನೋಡಿ ಸಂತೋಷಪಡುವುದು, ನನ್ನನ್ನು ಕೇಳಿದರೆ, ಹುರಿದದ್ದಕ್ಕಿಂತ ದೊಡ್ಡ ಪಾಪ.

ನಾಲ್ಕನೆಯ ವರ್ಷ ಏನಾಯಿತು? ಯಜಮಾನರು ಛತ್ರಕ್ಕೆ ಹೋದರು, ಬಲಗಡೆಯ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ಹಂಚಿದರು. ಮನೆಗೆ ಬಂದು ಎಡಗಡೆಯ ಡಬ್ಬಿಯದನ್ನು ಒಂದೂ ಉಳಿಸದೆ ಹಿತ್ತಲಲ್ಲಿ ಬಿತ್ತಿದರು. ಎಂಟು ದಿನವಾಯಿತು, ಇಲ್ಲ. ಹದಿನೈದು ದಿನವಾಯಿತು, ಇಲ್ಲ. ಒಂದು ಕಾಳು ಕೆದಕಿ ನೋಡಿದರು. ಕೊಳೆತು ಮೆತ್ತಗಾಗಿತ್ತು. ಯಜಮಾನರು ಒಳಗೆ ಓಡಿದರು.

"ಲೇ, ಆ ಹಿತ್ತಾಳೆ ಡಬ್ಬಿ ಮುಟ್ಟಿದ್ಯಾ?"

"ಯುಗಾದಿಗೆ ಅಟ್ಟ ಒರೆಸ್ದೆ. ಇಳಿಸಿ ಮತ್ತೆ ಇಟ್ಟೆ. ಅತ್ತದ್ದು ಇತ್ತ ಆಗಿರಬಹುದು."

"ಅತ್ತದ್ದು ಇತ್ತ ಆಗಬಹುದಾ? ನೋಡಿ ಇಡಬಾರದಾ?"

"ಎರಡರಲ್ಲೂ ಅವರೆ ಬೀಜವೇ ಅಲ್ವೇನ್ರೀ? ಏನು ವ್ಯತ್ಯಾಸ?"

ಏನು ಹೇಳುತ್ತಾರೆ ಪಾಪ? ಏನು ವ್ಯತ್ಯಾಸ ಅಂತ ಹೇಳುತ್ತಾರೆ? ಹುರಿದ ಕೈ ಅವರದು, ಹಂಚಿದ ಕೈ ಅವರದು, ಬಿತ್ತಿದ ಕೈಯೂ ಅವರದು. ತಾವು ಹುರಿದದ್ದು ತಮಗೇ ಗುರುತು ಸಿಗದಷ್ಟು ಚೆನ್ನಾಗಿ ಹುರಿದಿದ್ದರು!

ಆ ವರ್ಷ ಮಾಗಿ ಬಂತು ನೋಡಿ, ಊರಿಗೆ ಊರೇ ಸೊಗಡು! ಎಲ್ಲರ ಹಿತ್ತಲಲ್ಲೂ ಚಪ್ಪರ ಜಗ್ಗುವಷ್ಟು ಕಾಯಿ. ಯಜಮಾನರ ಚಪ್ಪರದಲ್ಲಿ ಬರೀ ಹುರಿಹಗ್ಗ. ಜನ ಕೃತಘ್ನರಲ್ಲ, ದಿನಕ್ಕೊಬ್ಬರು ಬುಟ್ಟಿ ತುಂಬಿಕೊಂಡು ಬಂದರು. "ತಗೊಳ್ಳಿ ಯಜಮಾನ್ರೇ, ನಿಮ್ಮದೇ ಬೀಜ. ನಿಮ್ಮ ಹೊಟ್ಟೆ ತಣ್ಣಗಿರ್ಲಿ." ಬಂದವರು ಖಾಲಿ ಚಪ್ಪರ ನೋಡಿ ಲೊಚಗುಟ್ಟಿದರು. "ಅಯ್ಯೋ, ನಮಗೆ ಕೊಟ್ಟು ಕೊಟ್ಟು ನಿಮ್ಮ ಕೈಗುಣವೇ ನಮ್ಮ ಕಡೆ ಬಂದುಬಿಟ್ಟಿದೆ."

ಕೈಗುಣ ಹೋಗಿಲ್ಲ ಅಂತ ಹೇಳಬೇಕೆಂದರೆ ಬೀಜ ಹುರಿದದ್ದು ಅಂತ ಹೇಳಬೇಕು. ಹುರಿದದ್ದು ಮುಚ್ಚಿಡಬೇಕೆಂದರೆ ಕೈಗುಣ ಹೋಯಿತು ಅಂತ ಒಪ್ಪಬೇಕು. ಯಜಮಾನರು ಒಪ್ಪಿದರು. "ಹೌದಪ್ಪಾ, ಹೋಯ್ತು," ಅಂದರು. ಬುಟ್ಟಿ ತೆಗೆದುಕೊಂಡರು. ಸಾರು ಉಂಡರು. ರುಚಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರಿಗೆ ಒಂದು ಹೊಳೆದಿತ್ತು. ಬೀದಿಯವರ 'ಆಹಾ' ಹೋಗಲಿ. ಅವ್ವನ ಬೀಜ ಅವ್ವನ ಹಿತ್ತಲಲ್ಲಿ ಇಲ್ಲ. ಊರಲ್ಲಿ ಎಲ್ಲರ ಮನೆಯಲ್ಲೂ ಇದೆ, ತನ್ನ ಮನೆಯಲ್ಲಿ ಇಲ್ಲ. ಆ ಖಾಲಿ ಚಪ್ಪರದ ಕೆಳಗೆ ಕೂತು ಯಜಮಾನರು ಅತ್ತರು. ಇಲ್ಲಿ ನಾನೂ ನಗುವುದಿಲ್ಲ, ನೀವೂ ನಗಬೇಡಿ.

ಮತ್ತೆ ಮೃಗಶಿರಾ ಭಾನುವಾರ ಬಂತು. ಯಜಮಾನರು ಹಾಗಲದ ಬೀಜ ಹಿಡಿದುಕೊಂಡು ಛತ್ರಕ್ಕೆ ಹೋಗಿ ಗಿರಿಯಮ್ಮಜ್ಜಿಯ ಮುಂದೆ ಕೂತರು. ಅಜ್ಜಿಯ ಮಡಿಲಲ್ಲಿ ಅವರೆ ಬೀಜ. ಅವ್ವನ ಬೀಜ! ಯಜಮಾನರು ಕೈ ಚಾಚಿದರು. ಅಜ್ಜಿ ಮುಷ್ಟಿ ಬಿಚ್ಚಲಿಲ್ಲ.

"ಮೊದಲು ದೋಷ ಹೇಳ್ಬೇಕಲ್ವ ನಾನು? ಈ ಅವರೆ ಮೂರು ವರ್ಷ ಮೊಳೀಲಿಲ್ಲ, ನಾಲ್ಕನೇ ವರ್ಷ ಮೊಳೀತು. ಇದೆಂಥ ದೋಷ ಅಂತ ನಂಗೆ ಹೇಳಕ್ಕೆ ಬರಾಕಿಲ್ಲ. ಮೊದಲು ಕೊಟ್ಟೋರು ಹೇಳಿದ್ರೆ ಕೊಡ್ತೀನಿ."

ಛತ್ರದಲ್ಲಿ ಎಲ್ಲರೂ ಇತ್ತ ತಿರುಗಿದರು. ಯಜಮಾನರು ಎದ್ದು ಹೋಗಬಹುದಿತ್ತು. ಮಣ್ಣು, ಮಳೆ, ಗ್ರಹಚಾರ ಅಂತ ಏನಾದರೂ ಹೇಳಬಹುದಿತ್ತು. ಆದರೆ ಅಜ್ಜಿಯ ಮುಷ್ಟಿಯ ಸಂದಿಯಲ್ಲಿ ಒಂದು ಕಾಳು ಕಾಣುತ್ತಿತ್ತು.

"ಬೀಜಕ್ಕೆ ದೋಷ ಇಲ್ಲ," ಅಂದರು ಯಜಮಾನರು. "ದೋಷ ನಂದು. ನಿಮಗೆಲ್ಲ ಹುರಿದು ಕೊಡ್ತಿದ್ದೆ. ಹೋದ ವರ್ಷ ಡಬ್ಬಿ ಅದಲುಬದಲಾಯ್ತು, ಅದಕ್ಕೇ ಮೊಳೀತು."

ಅಜ್ಜಿ ಒಬ್ಬಳೇ ನಕ್ಕಳು.

"ಗೊತ್ತು. ಮೊದಲನೇ ವರ್ಷವೇ ಗೊತ್ತು. ಸೆರಗಿಗೆ ಗಂಟು ಹಾಕುವಾಗ ಎರಡು ಕಾಳು ಬಾಯಿಗೆ ಹಾಕ್ಕೊಂಡೆ, ಕಟಕ್ ಅಂತ ಒಡೀತು. ನನ್ನ ನಾಲ್ಕು ಹಲ್ಲಿಗೆ ಒಣಗಿದ ಅವರೆ ಒಡೀತದಾ? ಮೂರು ವರ್ಷವೂ ಕೂತು ತಿಂದೆ. ಉಪ್ಪು ಒಂದು ಕಮ್ಮಿ ಆಗಿತ್ತು. ಹೋದ ವರ್ಷವೂ ಹಾಗೇ ಅನ್ಕೊಂಡು ಕಚ್ಚಿದೆ ನೋಡಿ..." ಅಜ್ಜಿ ಬಾಯಿ ತೆರೆದು ತೋರಿಸಿದಳು. ಮೂರೇ ಹಲ್ಲು. "ಹಲ್ಲು ಹೋಯ್ತು. ಓಹೋ, ಈ ಸಲ ಬೀಜ ನಿಜ ಅಂತ ಬಿತ್ತಿದೆ."

ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು. ಯಜಮಾನರು ತಲೆ ತಗ್ಗಿಸಿ ಕೇಳಿದರು: "ಗೊತ್ತಿದ್ದೂ ಯಾಕಜ್ಜಿ ಹೇಳ್ಲಿಲ್ಲ?"

"ದೋಷ ಕೊಡೋರು ಹೇಳ್ಬೇಕು ಮಗಾ, ತಗೊಳ್ಳೋರಲ್ಲ. ಪದ್ಧತಿ ಅಲ್ವಾ?" ಅಜ್ಜಿ ಮುಷ್ಟಿ ಬಿಚ್ಚಿ ಬೀಜವನ್ನು ಅವರ ಅಂಗೈಗೆ ಸುರಿದಳು. "ತಗೋ. ನಿಮ್ಮವ್ವನ ಬೀಜ. ಹಸೀದೇ ಇದೆ."

ಕಥೆ ಮುಗಿಯಿತು. ನೀವು ನಕ್ಕಿರಿ, ಬಹಳ ಸಂತೋಷ. ಈಗ ನನ್ನ ಸರದಿ.

ಅಮ್ಮಾ, ಎರಡನೆಯ ಸಾಲಿನಲ್ಲಿ ಬಹಳ ಜೋರಾಗಿ ನಕ್ಕಿರಲ್ಲ, ಪಕ್ಕದ ಮನೆಯಾಕೆ ಸಾರಿನಪುಡಿ ಮಾಡುವ ರೀತಿ ಕೇಳಿದಾಗ ಎಲ್ಲ ಹೇಳಿ ಮೆಂತ್ಯ ಒಂದನ್ನು ಬಿಟ್ಟಿರಲ್ಲ, ಅದೇನು? ಆಕೆ ಮೂರು ಸಲ ಮಾಡಿ, "ನನ್ನ ಕೈಯಲ್ಲಿ ಆಗೋದಿಲ್ಲ ಕಣ್ರೀ," ಅಂದಾಗ, "ಪರವಾಗಿಲ್ಲ ಬಿಡಿ, ಅಭ್ಯಾಸ ಬೇಕು," ಅಂದಿರಲ್ಲ! ಹುರಿದಿದ್ದಿರಿ. ಸ್ವಾಮೀ, ಕಂಬಕ್ಕೆ ಒರಗಿ ಕೂತವರೇ, ಕಚೇರಿಗೆ ಹೊಸದಾಗಿ ಬಂದವನಿಗೆ ಕೆಲಸ ಹೇಳಿಕೊಟ್ಟಿರಿ, ಯಾವ ಕಡತ ಮೊದಲು ಯಾರ ಮೇಜಿಗೆ ಹೋಗಬೇಕು ಅನ್ನುವುದೊಂದನ್ನು ಬಿಟ್ಟು. ಅವನು ಬೈಗುಳ ತಿಂದ. ನೀವು ಟೀ ಕುಡಿದಿರಿ. ಹುರಿದಿದ್ದಿರಿ. ನಾನೂ ಸಾಚಾ ಅಲ್ಲ. ನನ್ನ ಹತ್ತಿರ ಪ್ರವಚನ ಕಲಿಯಲು ಬಂದವರಿಗೆ ಒಳ್ಳೆಯ ದೃಷ್ಟಾಂತಗಳನ್ನು ಬಿಟ್ಟು ಉಳಿದವನ್ನೆಲ್ಲ ಹೇಳಿಕೊಟ್ಟಿದ್ದೇನೆ.

ನಾವು ಇಲ್ಲ ಅನ್ನುವ ಜನ ಅಲ್ಲ. ಕೊಡುತ್ತೇವೆ, ಕೈತುಂಬ ಕೊಡುತ್ತೇವೆ, ಮೊಳೆಯದ ಹಾಗೆ ನೋಡಿಕೊಂಡು ಕೊಡುತ್ತೇವೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೀರಾ? ನಿಮ್ಮ ಪಕ್ಕದಲ್ಲಿ ಕೂತವರು ಎಷ್ಟು ವರ್ಷದಿಂದ ಸುಮ್ಮನೆ ಅಗಿಯುತ್ತಿದ್ದಾರೋ ಯಾರಿಗೆ ಗೊತ್ತು! ಎರಡು ಡಬ್ಬಿ ಇಟ್ಟುಕೊಂಡವನಿಗೆ ಒಂದು ದಿನ ಯಾವುದು ಯಾವುದು ಅನ್ನುವುದು ಮರೆತುಹೋಗುತ್ತದೆ. ಆ ದಿನ ಬರುವ ಮೊದಲೇ ಮನೆಗೆ ಹೋಗಿ ಒಂದು ಡಬ್ಬಿ ಖಾಲಿ ಮಾಡಿ. ನಾಳೆ ಬೆಳಿಗ್ಗೆ ಪಕ್ಕದ ಮನೆಯ ಬಾಗಿಲು ತಟ್ಟಿ, "ಮೆಂತ್ಯ ಹೇಳೋದು ಬಿಟ್ಟಿದ್ದೆ ಕಣ್ರೀ," ಅನ್ನಿ. ಹುಡುಗನನ್ನು ಕರೆದು ಕಡತದ ದಾರಿ ತೋರಿಸಿ. ಕೊಡುವುದನ್ನು ಹಸಿಯಾಗಿ ಕೊಡಿ, ಅದರ ದೋಷ ಹೇಳಿ ಕೊಡಿ.

ಇಷ್ಟು ಹೇಳಿದ ಮೇಲೂ ಕೈ ತಡೆಯದೆ ಹುರಿಯಲೇಬೇಕು ಅನ್ನಿಸಿತೋ, ಧಾರಾಳವಾಗಿ ಹುರಿಯಿರಿ. ಸ್ವಲ್ಪ ಉಪ್ಪು ಹಾಕಿಕೊಂಡು, ನೀವೇ ತಿನ್ನಿ.