ಡೆನಿಸ್ ವಫುಲಾ ತೊಡದೆ ಹೋದ ಜೆರ್ಸಿ

ಎಲ್ಲರಿಗೂ ನಮಸ್ಕಾರ. ಅಸ್ಸಲಾಮು ಅಲೈಕುಂ. ವಂದನಾ, ಕುಮಟಾದಿಂದ ಬಂದಿರುವ ಅವಳ ತಂದೆ ಸುಬ್ರಾಯರೆ, ಕ್ಲಬ್ಬಿನ ಗೆಳೆಯರೆ, ಹಿಂದಿನ ಸಾಲಿನಲ್ಲಿ ಕೂತಿರುವ ನಮ್ಮ ಹುಡುಗಿಯರ ತಂಡದವರೆ — ಬ್ರಿಕ್‌ಫೀಲ್ಡ್ಸ್‌ನ ಈ ಸಭಾಂಗಣಕ್ಕೆ ಮಲೇಶಿಯಾದ ಕನ್ನಡಿಗರು ನಾವು ಯುಗಾದಿಗೆ ಬರುತ್ತಿದ್ದೆವು, ರಾಜ್ಯೋತ್ಸವಕ್ಕೆ ಬರುತ್ತಿದ್ದೆವು. ಆಗೆಲ್ಲ ಡೆನಿಸ್ ಅಗೋ, ಆ ಬಾಗಿಲ ಹತ್ತಿರ ನಿಂತಿರುತ್ತಿದ್ದ. ಈಗಲೂ ಮೈಕು ಹಿಡಿದೊಡನೆ ನನ್ನ ಕಣ್ಣು ಹೋದದ್ದು ಅಲ್ಲಿಗೇ. ಕ್ಷಮಿಸಿ — ಮಾತು ಅತ್ತಿತ್ತ ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮಕ್ಬೂಲ್, ಹುಬ್ಬಳ್ಳಿಯವನು. ಡೆನಿಸ್ ಆಡುತ್ತಿದ್ದ ರಗ್ಬಿ ಕ್ಲಬ್ಬಿನಲ್ಲಿ ಫಿಸಿಯೋ. ಅಂದರೆ ಅವನ ಮಂಡಿ, ಹೆಗಲು, ಹಿಮ್ಮಡಿ ಎಲ್ಲ ನನ್ನ ಸುಪರ್ದಿಯಲ್ಲಿದ್ದವು. ಅವನು ಕೀನ್ಯಾದಿಂದ ಬಂದ ಆಟಗಾರ ಎಂದಷ್ಟೇ ನನಗೆ ಹೇಳಿದ್ದರು. ಮೊದಲ ದಿನ ಅವನ ಕಾಲಿಗೆ ಪಟ್ಟಿ ಸುತ್ತುತ್ತಿದ್ದೆ, ಅವನು ಕಾಲು ಅಲುಗಿಸುತ್ತಲೇ ಇದ್ದ. ಬೇಸತ್ತು ನನ್ನಷ್ಟಕ್ಕೇ ಗೊಣಗಿದೆ — “ಇಂವಾ ಒಂದ್ ಕಡೆ ಸುಮ್ಮನ ಕೂಡವಲ್ಲಪಾ.”

ಮೇಲಿನಿಂದ ದನಿ ಬಂತು — “ಕೂತ್ಕೋತೀನಿ ಸಾರ್, ಬೈಬೇಡಿ.”

ನನ್ನ ಕೈಯಿಂದ ಪಟ್ಟಿಯ ಸುರುಳಿ ಬಿದ್ದು ಕೋಣೆಯ ಆ ತುದಿಗೆ ಉರುಳಿತು! ನೋಡಿದರೆ ಅವನು ಮೈಸೂರಿನಲ್ಲಿ ಬಿ.ಕಾಂ. ಓದಿದವನು. ಕನ್ನಡ ಕಲಿತದ್ದು ಅಲ್ಲಿ, ವಂದನಾಳನ್ನು ಕಂಡದ್ದೂ ಅಲ್ಲಿ. ಆ ಮದುವೆಯನ್ನು ಸುಬ್ರಾಯರು ಬಹಳ ಕಾಲ ಒಪ್ಪಲಿಲ್ಲ. ಇದನ್ನು ಇಲ್ಲಿ ಹೇಳು ಎಂದವರೂ ಅವರೇ. ಮೊಮ್ಮಗಳು ಸಮೀಕ್ಷಾ ಹುಟ್ಟಿದ ಮೇಲೆ ಪುಚೊಂಗ್‌ನ ಅವರ ಮನೆಗೆ ಬಂದರು, ಅಳಿಯನ ಆಟ ನೋಡಲು ಕೊಡೆ ಹಿಡಿದು ಕೂತರು. “ಚೆಂಡನ್ನ ಹಿಂದಕ್ಕೇ ಎಸೀತ್ರಲ್ಲೋ, ಇದೆಂಥಾ ಆಟ?” ಎಂದು ಕೇಳಿದರು. ಡೆನಿಸ್ ಹೇಳಿದ — “ಚೆಂಡು ಹಿಂದೆ ಹೋಗ್ಲಿ ಮಾವ, ನಾವು ಮುಂದೆ ಹೋಗ್ಬೇಕು ಅಷ್ಟೆ.” ಅಂದಿನಿಂದ ಇಲ್ಲಿಗೆ ಬಂದಾಗಲೆಲ್ಲ ಮಾವ ಒಂದು ಪಂದ್ಯವನ್ನೂ ಬಿಡಲಿಲ್ಲ.

ಆದರೆ ಅವನಿಗೆ ಬೇಕಿದ್ದುದು ಕ್ಲಬ್ಬಿನ ಪಂದ್ಯವಲ್ಲ. ತನ್ನ ದೇಶದ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿರಲಿಲ್ಲ. ಮಲೇಶಿಯಾದ ಜೆರ್ಸಿ ತೊಡಬೇಕು — ಎದ್ದರೆ ಅದೇ, ಕೂತರೆ ಅದೇ. ಹೊರಗಿನವರು ಈ ದೇಶದ ಪರ ಆಡಬೇಕಾದರೆ ಐದು ವರ್ಷ ಎಡೆಬಿಡದೆ ಇಲ್ಲಿ ನೆಲೆಸಿರಬೇಕಿತ್ತು. ವಾರ ಹತ್ತು ದಿನ ಹೋಗಿ ಬರಬಹುದು. ತಿಂಗಳುಗಟ್ಟಲೆ ಹೋದರೆ ಎಣಿಕೆ ಮತ್ತೆ ಮೊದಲಿನಿಂದ. ನಾಲ್ಕು ವರ್ಷ ಅವನು ಕಾದ. ಕೋಚ್ ಆಗಲೇ ಅವನ ಹೆಸರನ್ನು ಆಯ್ಕೆದಾರರ ಕಿವಿಗೆ ಹಾಕಿದ್ದರು.

ಆಗ ಕಾಕಮೆಗಾದಿಂದ, ಅವನ ಊರಿನಿಂದ, ಫೋನ್ ಬಂತು. ತಾಯಿ ಹಾಸಿಗೆ ಹಿಡಿದಿದ್ದಾರೆ.

ಮಾಮಕ್ ಚಹಾದಂಗಡಿಯಲ್ಲಿ ಎದುರುಬದುರು ಕೂತಿದ್ದೆವು. ಅವನು ಚಹಾ ಮುಟ್ಟಲಿಲ್ಲ.

“ಎಲ್ಲರೂ ಹದಿನೈದು ದಿನ ಹೋಗಿ ಬಾ ಅಂತಾರೆ ಅಣ್ಣ. ಹದಿನೈದು ದಿನದಲ್ಲಿ ಅಮ್ಮ ಏಳಲ್ಲ, ಸಾಯೋದೂ ಇಲ್ಲ. ನಾನು ಏನು, ಮುಖ ತೋರಿಸಿ ಬರ್ಲಾ?”

“ಹೋಗಬ್ಯಾಡ ಅಂತ ನಾ ಹೆಂಗ ಹೇಳಲಿ? ಹೋಗು ಅಂತನೂ ಬಾಯಿ ಬರವಲ್ದು,” ಎಂದೆ.

ಅಷ್ಟರಲ್ಲಿ ವಂದನಾ ಬಂದಳು. ನಿಂತೇ ಹೇಳಿದಳು — “ಮೂರು ಟಿಕೆಟ್ ಬುಕ್ ಮಾಡಿದೀನಿ. ವಾಪಸ್ ಬರೋದಕ್ಕೆ ಮಾಡಿಲ್ಲ.”

ಅವನು ಹೋದ. ತಾಯಿಯನ್ನು ಮಗುವಿನಂತೆ ಎತ್ತಿ ಬಿಸಿಲಿಗೆ ಕೂರಿಸಿದ, ತಲೆ ಬಾಚಿದ. ಕಡೆಗೆ ಅವರನ್ನು ಮಣ್ಣಿಗಿಟ್ಟೇ ಬಂದ. ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು, ಎಣಿಕೆ ಅಳಿಸಿಹೋಗಿತ್ತು. ಅವನು ಆಡುವ ಜಾಗಕ್ಕೆ ಇನ್ನೊಬ್ಬ ಬಂದಿದ್ದ, ವಯಸ್ಸಿನಲ್ಲಿ ಚಿಕ್ಕವನು, ವೇಗದವನು.

ಮರುವರ್ಷ ರಾಷ್ಟ್ರೀಯ ತಂಡದ ಒಂದು ಪಂದ್ಯಕ್ಕೆ ನೀರು ಕೊಡುವ ಸಹಾಯಕ ಬೇಕಾಗಿತ್ತು. ಡೆನಿಸ್ ಒಪ್ಪಿಕೊಂಡ! ಆಟ ನಿಂತಾಗಲೆಲ್ಲ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಓಡುತ್ತಿದ್ದ — ಹೇಗೆ ಓಡುತ್ತಿದ್ದ ಅಂತೀರಿ! ಗ್ಯಾಲರಿಯಲ್ಲಿ ಯಾರೋ ಇಲ್ಲಿನವರ ಧಾಟಿಯಲ್ಲಿ ಕೂಗಿದರು, “ಅವನನ್ನೇ ಆಡಿಸಿ ಲಾ!” ಜನ ನಕ್ಕರು. ನಾನು ನಗಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ — “ಬ್ಯಾಸರ ಆಗಲಿಲ್ಲೇನೋ?”

“ಆಗತ್ತೆ ಅಣ್ಣ. ಸುಳ್ಳು ಯಾಕೆ ಹೇಳ್ಲಿ, ದಿನಾ ಆಗತ್ತೆ. ಅಮ್ಮನ ಹತ್ರ ಹೋಗಿದ್ದಕ್ಕಲ್ಲ. ನಂಗೆ ಎರಡೂ ಬೇಕಿತ್ತು.”

ಅವನು ದೊಡ್ಡ ತ್ಯಾಗ ಮಾಡಿದ, ನೆಮ್ಮದಿಯಿಂದಿದ್ದ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನೆಮ್ಮದಿ ಇರಲಿಲ್ಲ. ಆ ತಳಮಳವನ್ನೇ ಹೊತ್ತು ಸೈಬರ್‌ಜಯಾದ ಮೈದಾನದಲ್ಲಿ ಹುಡುಗಿಯರ ತಂಡ ಕಟ್ಟಿದ. ಅವರಲ್ಲಿ ಇಬ್ಬರು ಈ ವರ್ಷ ರಾಜ್ಯ ತಂಡಕ್ಕೆ ಆಯ್ಕೆಯಾದರು. ಆ ದಿನ ಅವನು ನನ್ನನ್ನು ಎತ್ತಿ ತಿರುಗಿಸಿ ನನ್ನ ಬೆನ್ನು ಉಳುಕಿಸಿಬಿಟ್ಟ!

ಹೋದ ಶನಿವಾರ — ನೀವೆಲ್ಲ ಕೇಳಿದ್ದೀರಿ, ಆದರೂ ನಾನು ಹೇಳಬೇಕು. ಸಂಜೆ ಮೋಡ ಕವಿಯಿತು, ಸಿಡಿಲಿನ ಸೈರನ್ ಕೂಗಿತು. ಡೆನಿಸ್ ಒಬ್ಬೊಬ್ಬರನ್ನೇ ಕರೆದು ಎಲ್ಲರನ್ನೂ ಸೂರಿನಡಿ ಸೇರಿಸಿದ. ಎಲ್ಲರೂ ಬಂದರು. ತಾನೂ ಬಂದಿದ್ದ! ನನ್ನ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಮೈದಾನದ ಮೂಲೆಯ ಬಾವುಟಗಳು ಗಾಳಿಗೆ ಕಿತ್ತುಹೋಗುವುದನ್ನು ಕಂಡ, ತರಲು ಓಡಿದ.

“ಬಿಡೋ ಆ ಬಾವುಟಾ! ಒಳಗ ಬಾ!” ಎಂದು ಕೂಗಿದೆ.

“ಬಂದೆ ಅಣ್ಣ, ಒಂದೇ ನಿಮಿಷ!”

...

ಸಿಡಿಲು ಅಲ್ಲೇ ಬಡಿಯಿತು. ನಾನು ಅವನ ಎದೆ ಒತ್ತಿದೆ. ಹೀಗೆ — ಹೀಗೆ — ಆಂಬ್ಯುಲೆನ್ಸ್ ಬರುವವರೆಗೂ ಒತ್ತಿದೆ. ಆ ಒತ್ತು ಇನ್ನೂ ನನ್ನ ಕೈಯಲ್ಲಿದೆ. ಹಣೆಬರಹ ಎನ್ನುತ್ತಾರೆ. ಹಣೆಬರಹವಲ್ಲ ಸ್ವಾಮಿ! ಪ್ಲಾಸ್ಟಿಕ್ ಕೋಲಿಗೆ ಕಟ್ಟಿದ ಚೂರು ಬಟ್ಟೆ! ನನಗೆ ಅವನ ಮೇಲೆ ಸಿಟ್ಟಿದೆ, ಇಂಥ ಸಭೆಯಲ್ಲಿ ಹೇಳಬಾರದು, ಆದರೂ ಇದೆ. ಮಕ್ಕಳೇ, ಕೇಳಿ — ಸೈರನ್ ಕೂಗಿದರೆ ಏನು ಬಿದ್ದಿದ್ದರೂ ಅಲ್ಲೇ ಇರಲಿ. ಯಾರೂ ತಿರುಗಿ ಹೋಗಕೂಡದು.

ನಿನ್ನೆ ಸಮೀಕ್ಷಾ ನನ್ನ ಅಂಗಿ ಜಗ್ಗಿ ಕೇಳಿದಳು, “ಅಂಕಲ್, ಹೂ ವಿಲ್ ಕೋಚ್ ದೆಮ್ ನೌ?” ಬಾಗಿಲ ಬಳಿ ಇದ್ದ ಸುಬ್ರಾಯರು ಹೇಳಿದರು — “ಕೋಚ್ ಯಾರಾರೂ ಆಗ್ಲಿ ಮಗಾ. ಶನಿವಾರ ನಾವಿಬ್ರೂ ಹೋಪ.”

ನಾನೂ ಬರುತ್ತೇನೆ. ನೀವೂ ಬನ್ನಿ.

ಈಗ ತಮ್ಮೆಲ್ಲರಲ್ಲಿ ಒಂದು ವಿನಂತಿ. ದಯಮಾಡಿ ಎದ್ದು ನಿಂತು, ಡೆನಿಸ್ ವಫುಲಾನಿಗಾಗಿ ಕೆಲಹೊತ್ತು ಮೌನವಾಗಿರೋಣ. ಸಮೀಕ್ಷಾ ಆಗಲೇ ಕುರ್ಚಿಯ ಮೇಲೆ ಎದ್ದು ನಿಂತಿದ್ದಾಳೆ — ಇರಲಿ, ಇಳಿಸಬೇಡ ವಂದನಾ. ಅಲ್ಲಿಂದ ಅವಳಿಗೆ ನಾವೆಲ್ಲರೂ ಕಾಣಲಿ.