ಎಲ್ಲಿಗೆ ಪ್ರಯಾಣ?

ನಿರಾಶ್ರಿತರಿಗೆ ಪ್ರಯಾಣಪತ್ರ ಕೊಡುವ ಕಚೇರಿಯ ಸರದಿಯಲ್ಲಿ ನನ್ನ ಮುಂದೆ ಅಕ್ಕ ತಮ್ಮ ಇಬ್ಬರು ನಿಂತಿದ್ದರು. ತಮ್ಮನು ತುಂಬಿದ್ದ ಅರ್ಜಿಯನ್ನು ಓದುತ್ತಿದ್ದ ಅಕ್ಕ ಬೆಚ್ಚಿಬಿದ್ದಳು.

“ಎಲ್ಲಿಗೆ ಪ್ರಯಾಣ ಅಂತ ಕೇಳಿದ್ರೆ ನಮ್ಮ ದೇಶದ ಹೆಸರೇ ಬರೆದಿದ್ದೀಯಲ್ಲೋ! ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!”

“ಮತ್ತೆ? ಅಮ್ಮ ಇರೋದು ಅಲ್ಲೇ ತಾನೆ?”

“ಮೆಲ್ಲಗೆ ಮಾತಾಡು. ಜೀವಭಯ ಅಂತ ಅಲ್ಲಿಂದ ಓಡಿಬಂದವರು ನಾವು. ವಾಪಸ್ ಅಲ್ಲಿಗೇ ಕಾಲಿಟ್ರೆ, ಭಯ ಇಲ್ಲ ಅಂತಾಯ್ತು. ಇಲ್ಲಿನ ಆಸರೆನೂ ಹೋಗುತ್ತೆ.”

“ಹಾಗಂತ ಸುಳ್ಳು ಬರೀಲಾ?”

“ಸುಳ್ಳಲ್ಲ. ಪಕ್ಕದ ದೇಶದ ಹೆಸರು ಬರಿ. ಅಲ್ಲಿಗೆ ಹೋಗ್ಬಹುದು. ಮಾವ ಅಮ್ಮನ್ನ ಗಡಿ ದಾಟಿಸಿ ಕರ್ಕೊಂಡು ಬರ್ತಾರೆ.”

“ಹಾಸಿಗೆ ಬಿಟ್ಟು ಏಳೋಕಾಗ್ದವಳು ಹೇಗಕ್ಕಾ ಬರ್ತಾಳೆ?”

ಅಕ್ಕ ಚೀಲದಿಂದ ಖಾಲಿ ಅರ್ಜಿಯೊಂದನ್ನು ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ಗೋಡೆಗೊತ್ತಿಕೊಂಡು ಬರೆಯತೊಡಗಿದ.

“ಗಡಿಯಲ್ಲಿ ನಿಂತ್ರೆ ನಮ್ಮನೆ ಕಾಣುತ್ತಾ?”

“ಕಾಣುತ್ತೆ.”

“ನಡೆದ್ರೆ ಎಷ್ಟು ಹೊತ್ತು?”

“ಅದಕ್ಕೇ ಕಣೋ ನಾನೂ ಬರ್ತಿರೋದು. ನಿನ್ನ ಕೈ ಹಿಡ್ಕೊಳ್ಳೋಕೆ.”

ಕಿಟಕಿಯಿಂದ ಅವರ ನಂಬರ್ ಕೂಗಿದರು. ಇಬ್ಬರೂ ಅತ್ತ ನಡೆದರು. ಅಕ್ಕ ಆಗಲೇ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು.