ನಮ್ಮವ್ವಗ ತವರಾಗ ಏನಂತಿದ್ರು

…ಮೊಮ್ಮಕ್ಕಳೆಲ್ಲಾ ಕೂಡಿ ವಂಶಾವಳಿ ಬರೀಲಾಕ ಕುಂತೀರಿ, ಅಪ್ಪನ ಕಡಿಯವರದ್ದು ಏನ್ ಕೇಳ್ತಿ ಪೂಜಾ, ನಮ್ಮಪ್ಪ, ಅವರಪ್ಪ, ಅವರಜ್ಜ, ಎಲ್ಲಾ ಗಂಡಸರ ಹೆಸರು ಗಡಾಗಡಾ ಹೇಳ್ತೀನಿ, ಬರ್ಕೋ. ನಮ್ಮವ್ವನ ಹೆಸರಿಗೆ ಬಂದ್ರ ಮಾತ್ರ ನಾಲಿಗಿ ನಿಂದರ್ತಿತ್ತು. ಶಾಂತಾಬಾಯಿ ಅಂತ ಬರ್ದಿ ಅಲಾ, ಸುಳ್ಳಲ್ಲ ಅದು, ಆದ್ರ ಗಂಡನ ಮನಿ ಕೊಟ್ಟ ಹೆಸರು. ನಮ್ಮ ಕಡಿ ಲಗ್ನದಾಗ ಸೊಸಿ ಹೆಸರು ಬದಲ ಮಾಡ್ತಿದ್ರು, ತಾಟನ್ಯಾಗ ಅಕ್ಕಿ ಹರವಿ ಉಂಗುರದಲೆ ಹೊಸ ಹೆಸರು ಬರೀತಿದ್ರು. ನಂದೂ ಮಾಡ್ಯಾರ, ಅದು ಬ್ಯಾರೆ ಮಾತು. ಹುಮನಾಬಾದದಾಗ ಏನೋ ಒಂದು ಹೆಸರಲೆ ಓಡ್ಯಾಡಿದ ಹುಡುಗಿ, ಇಲ್ಲಿ ಬಸವಕಲ್ಯಾಣದಾಗ ಹೊಸ್ತಲಾ ದಾಟಿ ಶಾಂತಾಬಾಯಿ ಆದಳು.

ನಾ ಸಣ್ಣಾಕಿ ಇದ್ದಾಗs ಅಕಿ ತೀರ್ಕೊಂಡಳು. ನಮ್ಮ ಸೋದರಮಾವ, ಅವ್ವನ ತಮ್ಮ, ನನಗ ಕರ್ಕೊಂಡು ಹೋಗ್ಲಾಕ ಬಂದ್ರ ನಮ್ಮಪ್ಪ "ನನ್ನ ಮಗಳಿಗೆ ನಾನs ಸಾಕ್ತೀನಿ, ನೀವ್ಯಾರು?" ಅಂದ. ಮಾತಿಗೆ ಮಾತು ಬೆಳೀತು, ಅಲ್ಲಿಗೆ ಹೋಗೋದು ಬರೋದು ಬಂದ್. ಆಮ್ಯಾಲ ಮಳಿ ಹೋದ ವರ್ಷ ಬಂದ್ವು, ರೇಶನ್ ಅಂಗಡಿ ಕೆಂಪ ಜ್ವಾಳ ತಿಂದೀವಿ, ಏನ್ ಹೇಳ್ಲಿ, ಆ ರೊಟ್ಟಿ ತಟ್ಟಿದ್ರ ಹರೀತಿತ್ತು, ತಿಂದ್ರ ಗಂಟಲದಾಗ ಇಳೀತಿದ್ದಿಲ್ಲ. ನಮ್ಮಪ್ಪ ಎರಡನೇದಾಗಿ ಮಾಡ್ಕೊಂಡು ಬಂದ ಚಿಕ್ಕವ್ವ ಕೆಟ್ಟಾಕಿ ಅಲ್ಲ ಮತ್ತ, ಇದ್ದದ್ದು ಎಲ್ಲಾರಿಗೂ ಸರೀಗಿ ಹಂಚ್ತಿದ್ದಳು. ಆದ್ರ ಹಸದು ಮಲಗಿದಾಗ ಅವ್ವಾ ಅಂತ ಕರೀಬೇಕು ಅನಸ್ತದ ನೋಡ್ರಿ, ನನಗ ಅಕಿ ಮುಖಾನs ನೆನಪಿಲ್ಲ. ಹೆಸರರೆ ಗೊತ್ತಿದ್ರ ಅಂತ ಆವಾಗ ಹತ್ತಿದ ಹುಚ್ಚು ಇದು. ನಮ್ಮಪ್ಪಗ ಕೇಳಿದ್ರ "ಈಗ ಅದ್ಯಾಕವ್ವಾ ನಿನಗ" ಅಂತ ಟೊಪಿಗಿ ಇಟ್ಕೊಂಡು ಎದ್ದು ಹೋಗಾಂವ.

ಹೋದ ವರ್ಷ, ಬ್ಯಾಸಗ್ಯಾಗ, ಅಲ್ಲ ಅಲ್ಲ, ಶೀಗಿ ಹುಣ್ಣಿವಿ ಮುಂದ, ಮೊಣಕಾಲ ಹಿಡ್ಕೊಂಡು ಬಸ್ ಹತ್ತಿ ಹುಮನಾಬಾದಕ್ಕ ಹೋದೆ. ಎಣ್ಣಿ ಗಾಣದವರ ಮಗಳು ಅನ್ನೋದು ಒಂದs ಗೊತ್ತಿತ್ತು. ಆ ಗಲ್ಲ್ಯಾಗ ನೋಡಿದ್ರ ಎಲ್ಲಾವೂ ಗಾಣದವರ ಮನಿಗೋಳೇ. ನಾ ಶ್ಯಾಣ್ಯಾಕಿ ಹಂಗ ಏನ್ ಕೇಳ್ದೆ? "ಶಾಂತಾಬಾಯಿ ತವರಮನಿ ಇದೇನ್ರಿ?" ಒಂದೊಂದs ಬಾಗಲಾ ಬಡದೆ, ಎಲ್ಲಾರೂ "ಇಲ್ರಿ, ಆ ಹೆಸರಿನ ಮಗಳು ನಮ್ಮಲ್ಲಿ ಯಾರೂ ಇಲ್ರಿ." ಹ್ಯಾಂಗ ಇರ್ತಾಳ? ಗಂಡನ ಮನಿ ಹೆಸರು ತವರಾಗ ಹುಡಕಾಕತ್ತೀನಿ, ಎಪ್ಪತ್ತು ದಾಟಿದ್ರೂ ಬುದ್ಧಿ ಇಲ್ಲ. ಒಂದು ಬಳಿ ಅಂಗಡಿ ಕಟ್ಟಿ ಮ್ಯಾಲ ಕುಂತು ಅತ್ತೆ, ಖರೇನs ಅತ್ತೆ. ಅಂಗಡಿ ಮುದುಕಿ, ಮುಸಲರಾಕಿ, ಬಳಿ ಬಾಜೂಕ ಇಟ್ಟು "ಯಾಕವಾ, ಯಾರ್ ಬೇಕು ನಿನಗ?" ಅಂದ್ಳು. ಹೆಸರು ಬಿಟ್ಟು ಉಳದದ್ದೆಲ್ಲಾ ಹೇಳ್ದೆ, ಗಾಣದವರ ಮಗಳು, ಕಲ್ಯಾಣಕ್ಕ ಕೊಟ್ಟಿದ್ರು, ಸಣ್ಣ ಹೆಣ್ಣಕೂಸ ಬಿಟ್ಟು ತೀರ್ಕೊಂಡಳು ಅಂತ. "ಅಯ್ಯ, ಅದು ನಮ್ಮ ಗಲ್ಲಿ ಗಾಣದ ಕಾಕಾ ಅವರ ಅಕ್ಕ ಅಲಾ. ಆ ಕೂಸಿನ ಮಾತು ಇನ್ನಾ ಆಡ್ತಾರವಾ ಅವರು" ಅಂತ ಕೈ ಹಿಡ್ದು ಒಂದು ನೀಲಿ ಬಾಗಲಕ್ಕ ಕರ್ಕೊಂಡು ಹೋದ್ಳು. ಆ ಬಾಗಲಾನೂ ನಾ ಬಡದಿದ್ದೆ, ಆ ಮನಿ ಸೊಸಿ "ಇಲ್ರಿ" ಅಂದು ಕಳಿಸಿದ್ಳು.

ಮಾವ ಹೊರಸಿನ ಮ್ಯಾಲ ಕುಂತಿದ್ರು. ನಾ ಯಾರು ಅಂತ ಹೇಳಿದ ಮ್ಯಾಲ ಭಾಳ ಹೊತ್ತು ನನ್ನ ಕೈ ಬಿಡಲಿಲ್ಲ. "ಆವತ್ತು ನಿನಗ ಬಿಟ್ಟು ಬಂದೆ ನೋಡವ್ವಾ" ಅಂದ್ರು, ಅಷ್ಟs. ನಾ ಕೇಳ್ದೆ, "ಮಾವಾ, ನಮ್ಮವ್ವಗ ಇಲ್ಲಿ ಏನಂತ ಕರೀತಿದ್ರಿ?" ಮಾವ ಒಳಗಿನ ಕಡಿ ಹೊಳ್ಳಿ "ತಾರಾ, ಏ ತಾರಾ, ನೀರು ತಗೊಂಡು ಬಾ" ಅಂತ ಒದರಿದ್ರು. ಕಾಲೇಜಿಗೆ ಹೋಗೋ ಮೊಮ್ಮಗಳು ತಂಬಗಿ ಹಿಡ್ಕೊಂಡು ಬಂದ್ಳು. "ಇದs ನಿಮ್ಮವ್ವನ ಹೆಸರು" ಅಂದ್ರು ಮಾವ, "ಅಕ್ಕ ಹೋದಮ್ಯಾಲ ಕರೀಲಾಕ ಯಾರೂ ಇದ್ದಿಲ್ಲ, ಬಾಯಿ ಬಿಕೋ ಅಂತಿತ್ತು. ಅದಕ್ಕ ಈಕಿಗೆ ಇಟ್ಟೆ." ನಾನೂ ಒಮ್ಮಿ ಮೆಲ್ಲಕ ತಾರಾ ಅಂದೆ. ಹುಡುಗಿ "ಏನ್ರಿ ಅತ್ತಿ" ಅಂದ್ಳು. ನನ್ನ ಇಡೀ ಜಲ್ಮದಾಗ ನಮ್ಮವ್ವನ ಹೆಸರು ಕರದ್ರ ಓ ಅಂದೋರು ಅಕಿನs ಮೊದಲು.

ಹೋದವರ ಹೆಸರು ಮನ್ಯಾಗ ಯಾರಿಗರೆ ಇಡ್ರಿ, ಇಟ್ಟು ಬಾಯಿ ತುಂಬ ಕರೀರಿ. ಏಳ್ರಿ ಇನ್ನ, ರೊಟ್ಟಿ ಆರಾಕತ್ತಾವ.